ಬೋರಿನ ನೀರಿಗೆ ಯಾವ ಚಹಾ, ಹೊಳೆ ನೀರಿಗೆ ಯಾವ ಚಹಾ? ಬಿಡಿ ಚಹಾಪುಡಿ ಆರಿಸುವವರಿಗೆ

ಕೊಪ್ಪಳದ ಜವಾಹರ ರಸ್ತೆಯ ಕಿರಾಣಿ ಅಂಗಡಿಯೊಂದರಲ್ಲಿ ಬಿಡಿ ಚಹಾಪುಡಿ ಕೇಳಿದೆ. ಅಂಗಡಿಯ ಹಿರಿಯರು ದರ ಹೇಳಲಿಲ್ಲ, ಡಬ್ಬಿಗೂ ಕೈ ಹಾಕಲಿಲ್ಲ. "ಮನ್ಯಾಗ ನೀರು ಯಾವುದೈತ್ರಿ ಅಕ್ಕಾರ? ಬೋರಿಂದೋ, ಹೊಳಿದೋ?" ಅಂತ ಕೇಳಿದರು. ಇಷ್ಟು ವರ್ಷ ದಿನಾ ಮೂರು ಹೊತ್ತು ಚಹಾ ಕುಡಿದ ನನಗೆ ಆ ಪ್ರಶ್ನೆ ಅದೇ ಮೊದಲು. "ಎರಡೂ ಬರ್ತಾವ್ರಿ" ಅಂದೆ. "ಹಂಗಾದ್ರ ಐವತ್ತೈವತ್ತು ಗ್ರಾಂ ಒಯ್ರಿ. ಎರಡೂ ನೀರಾಗ ಹಾಕಿ ನೋಡ್ರಿ. ಕಿಲೋದ ಮಾತು ಆಮ್ಯಾಲ ಆಡೂಣು" ಅಂದರು.

ಆ ಮಾತು ಹಿಡಿದುಕೊಂಡು ನಾನೂ, ರಾಯಚೂರಿನಿಂದ ಬಂದಿದ್ದ ನಮ್ಮ ವೈನಿಯೂ ಒಂದು ಭಾನುವಾರ ಆರು ಬಗೆಯ ಪುಡಿಯನ್ನು ಎರಡು ಬಗೆಯ ನೀರಿನಲ್ಲಿ ಮಾಡಿ ಕುಡಿದೆವು. "ಯಾವ ಚಹಾಪುಡಿ ತಗೊಳ್ಳಲಿ, ಡಸ್ಟೋ (ಅಂದರೆ ತೀರಾ ಸಣ್ಣ ಪುಡಿ) ಎಲೆಯೋ, ಅಸ್ಸಾಮೋ ನೀಲಗಿರಿಯೋ, ಡಾರ್ಜಿಲಿಂಗಿಗೆ ಅಷ್ಟು ದುಡ್ಡು ಕೊಡಬೇಕಾ" ಅಂತ ಕೇಳುವ ಗೆಳತಿಯರಿಗೆ, ಅಕ್ಕಪಕ್ಕದವರಿಗೆ ಇಷ್ಟು ದಿನ ನಾನು ಬಾಯಿಗೆ ಬಂದ ಒಂದು ಹೆಸರು ಹೇಳಿಬಿಡುತ್ತಿದ್ದೆ. ಆ ಭಾನುವಾರದ ಮೇಲೆ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ಒಂದೇ ಪುಡಿ ಬಳ್ಳಾರಿಯ ಒಂದು ಮನೆಯಲ್ಲಿ ಘಮ್ಮೆನ್ನುತ್ತದೆ, ಕುಷ್ಟಗಿಯ ಒಂದು ಮನೆಯಲ್ಲಿ ಕಷಾಯದಂತಾಗುತ್ತದೆ. ಹಾಗಾಗಿ ಮೊದಲು ನಿಮ್ಮ ಮನೆಯನ್ನು ನೋಡಿಕೊಳ್ಳಿ, ಪುಡಿಯ ಮಾತು ಆಮೇಲೆ.

ಮೊದಲು ನೀರು

ಎರಡು ಬಿಳಿ ಕಪ್ಪು ಇಟ್ಟೆವು. ಎರಡಕ್ಕೂ ಒಂದೇ ಡಬ್ಬಿಯ ನೀಲಗಿರಿ ಎಲೆ, ತಲಾ 2 ಗ್ರಾಂ. ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಫಿಲ್ಟರ್ ಕ್ಯಾನಿನ ನೀರು, ಎರಡೂ ತಳಮಳ ಕುದಿದದ್ದು. ಐದು ನಿಮಿಷಕ್ಕೆ ಫಿಲ್ಟರ್ ನೀರಿನ ಚಹಾ ತಾಮ್ರದ ಚೊಂಬು ತಿಕ್ಕಿಟ್ಟ ಹಾಗೆ ಹೊಳೆಯುತ್ತಿತ್ತು, ಕಪ್ಪಿನ ತಳ ಕಾಣುತ್ತಿತ್ತು. ಬೋರಿನ ನೀರಿನದು ಕಪ್ಪಗೆ, ಮಬ್ಬಾಗಿ ನಿಂತಿತ್ತು. ಮೇಲೆ ತೆಳುವಾದ ಒಂದು ಪೊರೆ. ಚಮಚ ಆಡಿಸಿದರೆ ಅದು ಚೂರು ಚೂರಾಗಿ ಒಡೆದು ಕಪ್ಪಿನ ಅಂಚಿಗೆ ಕಂದು ಗೆರೆಯಾಗಿ ಅಂಟಿತು. ವೈನಿ ನೋಡಿ, "ನಮ್ಮನಿ ಚಾ ದಿನಾ ಹಿಂಗ ಇರ್ತೈತಿ. ನಾ ಹಾಲಿನ ಕೆನಿ ಅನ್ಕೊಂಡಿದ್ದೆ" ಅಂದರು.

ಅದು ಕೆನೆಯಲ್ಲ. ಗಡಸು ನೀರಿನ ಸುಣ್ಣದಂಶ ಚಹಾದ ಒಗರಿನ ಅಂಶದ ಜೊತೆ ಗಾಳಿಯಲ್ಲಿ ಸೇರಿ ಕಟ್ಟಿದ ಪೊರೆ. ಬೋರಿನ ನೀರಿನಲ್ಲಿರುವ ಬೈಕಾರ್ಬೊನೇಟು ಎಂಬ ಕ್ಷಾರ ಚಹಾದ ಬಣ್ಣವನ್ನು ಕಪ್ಪು ಮಾಡುತ್ತದೆ, ಪರಿಮಳವನ್ನು ಅಡಗಿಸುತ್ತದೆ. ಅದೇ ಕಪ್ಪಿನ ಚಹಾಕ್ಕೆ ನಾಲ್ಕು ಹನಿ ಲಿಂಬೆರಸ ಹಿಂಡಿದೆವು. ಪೊರೆ ಕರಗಿತು, ಬಣ್ಣ ತಿಳಿಯಾಗಿ ಕೆಂಪಾಯಿತು. ಲಿಂಬೆಯ ಹುಳಿ ಆ ಕ್ಷಾರವನ್ನು ಮುರಿಯುತ್ತದೆ, ಅಷ್ಟೇ.

ಇದರಿಂದ ಆರಿಸುವವರಿಗೆ ಸಿಗುವ ಪಾಠ ಇದು. ಮನೆಯಲ್ಲಿ ಬರೀ ಬೋರಿನ ನೀರಿದ್ದರೆ ಸೂಕ್ಷ್ಮ ಪರಿಮಳದ ಎಲೆಗೆ ದುಡ್ಡು ಹಾಕಬೇಡಿ, ಆ ಪರಿಮಳ ನಿಮ್ಮ ಕಪ್ಪಿನವರೆಗೆ ಬರುವುದಿಲ್ಲ. ತುಂಗಭದ್ರೆಯ ನಲ್ಲಿ ನೀರು ಬರುವ ಮನೆಗೆ ಮಧ್ಯಮ ದರ್ಜೆಯ ಎಲೆಯೂ ಚೆನ್ನಾಗಿ ಒದಗುತ್ತದೆ. ಶುದ್ಧ ನೀರಿನ ಘಟಕದ ಕ್ಯಾನ್ ತರುವವರಿಗೆ ಯಾವ ಪುಡಿಯಾದರೂ ನಡೆಯುತ್ತದೆ. ಆದರೆ ಆ ನೀರು ತೀರಾ ಮೆದು, ಚಹಾ ಬೇಗ ಇಳಿದು ಒಗರಾಗುತ್ತದೆ, ಅಳತೆಯಲ್ಲಿ ಕೈ ಬಿಗಿ ಹಿಡಿಯಬೇಕು.

ನೀರಿನ ಮಾತು ಬಂದಾಗ, ಮಿತಿ ಮೀರಿದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಬಿಟ್ಟು ಮುಂದೆ ಹೋಗುವಂತಿಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿ ಭಾಗದ ಅನೇಕ ಹಳ್ಳಿಗಳ ಬೋರಿನಲ್ಲಿ ಅದು ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಚಹಾ ಗಿಡವೂ ಮಣ್ಣಿನಿಂದ ಫ್ಲೋರೈಡ್ ಹೀರಿ ಎಲೆಯಲ್ಲಿ ಇಟ್ಟುಕೊಳ್ಳುತ್ತದೆ, ಬಲಿತ ಎಲೆಯಲ್ಲಿ ಹೆಚ್ಚು, ಎಳೆ ಕುಡಿಯಲ್ಲಿ ಕಡಿಮೆ. ಹಲ್ಲಿನ ಮೇಲೆ ಕಂದು ಕಲೆ ಕಾಣುವ ಮಕ್ಕಳಿರುವ ಊರಿನಲ್ಲಿ ಚಹಾಕ್ಕೂ ಘಟಕದ ನೀರೇ ಬಳಸಿ. ಪುಡಿಯ ದರ್ಜೆಗಿಂತ ಇದು ಮುಖ್ಯ.

ಆಮೇಲೆ ಹಾಲು, ಲೆಕ್ಕ, ಪುರಸೊತ್ತು

ಎರಡನೇ ಸಲ ಅಂಗಡಿಗೆ ಹೋದಾಗ ಹಿರಿಯರು ಹಾಲು ವಿಚಾರಿಸಿದರು: ಎಮ್ಮೆಯದೋ, ಪಾಕೀಟಿನದೋ? ಹಾಲಿನ ಪ್ರೋಟೀನು ಚಹಾದ ಒಗರನ್ನು ಹಿಡಿದು ಕಟ್ಟಿಹಾಕುತ್ತದೆ. ಹಾಲು ಗಟ್ಟಿಯಾದಷ್ಟೂ ಪುಡಿಯಲ್ಲಿ ಕಸುವು ಬೇಕು. ಮನೆಯ ಎಮ್ಮೆಯ ಹಾಲು ಅರ್ಧಕ್ಕರ್ಧ ಹಾಕುವವರಿಗೆ ಎಲೆ ಚಹಾ ಕೊಟ್ಟರೆ ಸಕ್ಕರೆ ಹಾಲು ಕುಡಿದಂತಾಗುತ್ತದೆ. ನಂದಿನಿಯ ನೀಲಿ ಪಾಕೀಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3 ಮಾತ್ರ. ಅದರ ಜೊತೆ ಮಧ್ಯಮ ಖಡಕ್ ಪುಡಿ ಸಾಕು. ಹಾಲೇ ಹಾಕದವರ ದಾರಿ ಪೂರಾ ಬೇರೆ, ಅವರು ಡಸ್ಟಿನ ಕಡೆ ತಿರುಗಿಯೂ ನೋಡಬಾರದು.

ದರವನ್ನು ಕಿಲೋ ಲೆಕ್ಕದಲ್ಲಿ ನೋಡಿದರೆ ಹೆದರಿಕೆಯಾಗುತ್ತದೆ, ಕಪ್ಪಿನ ಲೆಕ್ಕದಲ್ಲಿ ನೋಡಿ. 100 ಮಿಲಿಯ ಒಂದು ಕಪ್ಪಿಗೆ 2 ಗ್ರಾಂ ಹಿಡಿದರೆ ಒಂದು ಕಿಲೋದಲ್ಲಿ 500 ಕಪ್ಪು. ನಾನು ಕೊಟ್ಟ ದರ ಹೀಗಿತ್ತು: ಡಸ್ಟ್ ಕಿಲೋಗೆ 320 ರೂಪಾಯಿ, ಅಸ್ಸಾಂ ಸಿಟಿಸಿ ಕಾಳು (ಯಂತ್ರದಲ್ಲಿ ಜಜ್ಜಿ ಉರುಟು ಮಾಡಿದ್ದು) 480, ನೀಲಗಿರಿ ಎಲೆ 900, ಅಸ್ಸಾಂ ಎಲೆ 1,200, ಹಸಿರು ಚಹಾ 1,000, ಡಾರ್ಜಿಲಿಂಗ್ 2,800. ಅಂದರೆ ಕಪ್ಪಿಗೆ ಡಸ್ಟ್ 64 ಪೈಸೆ, ಸಿಟಿಸಿ 96 ಪೈಸೆ, ನೀಲಗಿರಿ 1 ರೂಪಾಯಿ 80 ಪೈಸೆ, ಡಾರ್ಜಿಲಿಂಗ್ 5 ರೂಪಾಯಿ 60 ಪೈಸೆ. ದಿನಕ್ಕೆ ಹತ್ತು ಕಪ್ಪು ಆಗುವ ಮನೆಗೆ ತಿಂಗಳಿಗೆ 600 ಗ್ರಾಂ ಪುಡಿ ಬೇಕು. ಡಸ್ಟಾದರೆ 192 ರೂಪಾಯಿ, ಸಿಟಿಸಿಯಾದರೆ 288. ಅದೇ ಹತ್ತು ಕಪ್ಪಿಗೆ ದಿನಾ 600 ಮಿಲಿ ಹಾಲು ಹೋದರೆ, ಲೀಟರಿಗೆ 45 ರೂಪಾಯಿ ಹಿಡಿದರೂ, ತಿಂಗಳಿಗೆ 810 ರೂಪಾಯಿ. ನಾವು ಪುಡಿಯಲ್ಲಿ ಉಳಿಸುವ 96 ರೂಪಾಯಿಗಾಗಿ 810 ರೂಪಾಯಿಯ ಹಾಲನ್ನು ಸಪ್ಪೆ ಚಹಾ ಮಾಡಿ ಕುಡಿಯುತ್ತಿದ್ದೇವೆಯೇ ಅಂತ ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಕೈ ಬಿಗಿ ಇದ್ದಾಗಲೂ 320ರಿಂದ 480ಕ್ಕೆ ಏರುವುದು ನನಗೆ ದುಬಾರಿ ಅನಿಸಲಿಲ್ಲ.

ಇನ್ನು ಪುರಸೊತ್ತು. ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಹೊರಡುವ ಮನೆಯಲ್ಲಿ ನೀರು ಆರಿಸಿ, ಗಡಿಯಾರ ನೋಡಿ, ಎಲೆ ನೆನೆಸಿಡುವ ಕೆಲಸ ಆಗುವುದಿಲ್ಲ. ಎಲ್ಲ ಒಟ್ಟಿಗೆ ಹಾಕಿ ಕುದಿಸಿದರೂ ಕೆಡದ ಪುಡಿ ಅವರಿಗೆ ಬೇಕು. ಮಧ್ಯಾಹ್ನ ಮನೆಯಲ್ಲಿ ಒಬ್ಬರೇ ಇರುವವರಿಗೆ, ನಿವೃತ್ತರಿಗೆ ಎಲೆ ಚಹಾ ಒಂದು ಸುಖ.

ರುಚಿ ನೋಡುವ ಬಗೆ

ಚಹಾ ಪರೀಕ್ಷಕರಿಗೆ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ: 100 ಮಿಲಿ ಕುದಿಯುವ ನೀರಿಗೆ 2 ಗ್ರಾಂ ಪುಡಿ, ಮುಚ್ಚಿ 6 ನಿಮಿಷ. ಮನೆಗೆ ಇದನ್ನೇ ಸ್ವಲ್ಪ ಸಡಿಲಿಸಿ 5 ನಿಮಿಷ ಇಟ್ಟುಕೊಳ್ಳಿ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಸುಲಭ. ಡಸ್ಟು, ಸಿಟಿಸಿ ಮಟ್ಟಸ ಒಂದು ಚಮಚ ಹಾಕಿದರೆ ಸುಮಾರು 2 ಗ್ರಾಂ. ಎಲೆ ಹಗುರ, ಅದಕ್ಕೆ ಎರಡು ಚಮಚವೇ ಬೇಕಾಗುತ್ತದೆ. ಚಮಚದಿಂದ ಅಳೆದು "ಎಲೆ ಚಹಾ ಸಪ್ಪೆ" ಅನ್ನುವವರು ಬಹಳ, ಅವರು ಹಾಕಿದ್ದೇ ಅರ್ಧ.

ಸಕ್ಕರೆ ಹಾಲು ಇಲ್ಲದೆ, ಸ್ವಲ್ಪ ಆರಿದ ಮೇಲೆ, ಬಸಿಗೆ ಸುರಿದು ಸುರ್ ಅಂತ ಎಳೆದುಕೊಂಡು ಕುಡಿಯಿರಿ. ನಮ್ಮ ಅಜ್ಜಂದಿರು ಕುಡಿಯುತ್ತಿದ್ದ ರೀತಿಯೇ ಇದಕ್ಕೆ ಸರಿ, ಗಾಳಿಯ ಜೊತೆ ಪರಿಮಳ ಮೂಗಿಗೆ ಏರುತ್ತದೆ. ಆಮೇಲೆ ಒಂದು ಚಮಚ ಬಿಸಿ ಹಾಲು ಹಾಕಿ ಮತ್ತೆ ನೋಡಿ. ಕೊನೆಗೆ ಸೋಸಿದ ಪುಡಿಯನ್ನು ಅಂಗೈಗೆ ಹಾಕಿಕೊಂಡು ಮೂಸಿ. ಒಳ್ಳೆಯ ಪುಡಿ ನೆನೆದ ಮೇಲೂ ತಾಮ್ರದ ಬಣ್ಣಕ್ಕಿರುತ್ತದೆ, ಹಳೆಯದು ಸಗಣಿ ಬಣ್ಣಕ್ಕೆ ತಿರುಗಿ ಒಣಹುಲ್ಲಿನ ವಾಸನೆ ಬರುತ್ತದೆ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಬೇಡ, ನಾಲಿಗೆ ಒಗರಿಗೆ ಜಡ್ಡುಗಟ್ಟುತ್ತದೆ. ನಡುವೆ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡೆವು, ಒಗ್ಗರಣೆ ಹಾಕದ್ದು.

ಡಸ್ಟ್

ಹೆಸರು ಕೇಳಿ ಕಸ ಅಂದುಕೊಳ್ಳುವವರಿದ್ದಾರೆ. ಕಸವಲ್ಲ, ಜರಡಿಯಲ್ಲಿ ಕೊನೆಗೆ ಇಳಿಯುವ ಸಣ್ಣ ಕಾಳು. ಸಣ್ಣದಾದ್ದರಿಂದ ಬಣ್ಣವನ್ನು ಥಟ್ಟನೆ ಬಿಡುತ್ತದೆ. ದಕ್ಷಿಣದ ಹೋಟೆಲುಗಳು ಇದನ್ನೇ ನಂಬಿವೆ: ಬಟ್ಟೆಯ ಸಂಚಿಯಲ್ಲಿ ಪುಡಿ, ಮೇಲಿನಿಂದ ಕುದಿನೀರು, ಒಂದು ನಿಮಿಷಕ್ಕೆ ಡಿಕಾಕ್ಷನ್ ಸಿದ್ಧ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಮದ್ರಾಸಿನ ಕಡೆ ಇತ್ತು. ರಾಯಚೂರು, ಅದರೊಳಗೇ ಇದ್ದ ಕೊಪ್ಪಳ, 1956ರವರೆಗೆ ಹೈದರಾಬಾದಿನ ಕಡೆ. ನನ್ನ ಕಣ್ಣಿಗೆ ಆ ಗುರುತು ಇಂದಿಗೂ ಚಹಾದ ಅಂಗಡಿಯಲ್ಲಿ ಕಾಣುತ್ತದೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಸಂಚಿಯ ಡಿಕಾಕ್ಷನ್ನಿಗೆ ಹಾಲು ಎತ್ತಿ ಹೊಯ್ಯುವ ತೆಳು ಖಡಕ್ ಚಹಾ, ರಾಯಚೂರಿನ ತೀನ್ ಕಂದೀಲ್ ಸುತ್ತ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟ ಡಿಕಾಕ್ಷನ್ನಿಗೆ ಕಾಯಿಸಿ ಗಟ್ಟಿ ಮಾಡಿದ ಹಾಲು ಬೆರೆಸುವ ಇರಾನಿ ಬಗೆ. ಎರಡಕ್ಕೂ ಡಸ್ಟೇ ಹೊಂದುತ್ತದೆ.

ಬೋರಿನ ನೀರಿಗೂ ಡಸ್ಟ್ ಜಗ್ಗುವುದಿಲ್ಲ. ನಮ್ಮ ಪರೀಕ್ಷೆಯಲ್ಲಿ ಎರಡೂ ನೀರಿನ ನಡುವೆ ಕಡಿಮೆ ವ್ಯತ್ಯಾಸ ಕಂಡದ್ದು ಇದರಲ್ಲೇ. ಕಪ್ಪಿಗೆ ಒಂದೂವರೆ ಗ್ರಾಂ ಸಾಕಾಗುತ್ತದೆ, ಹಾಗಾಗಿ ಖರ್ಚು 48 ಪೈಸೆಗೆ ಇಳಿಯುತ್ತದೆ. ಕುಂದು ಏನೆಂದರೆ, ಪರಿಮಳ ಕಡಿಮೆ, ಎರಡು ನಿಮಿಷ ಹೆಚ್ಚು ಕುದಿಸಿದರೆ ಕಹಿ ಗಂಟಲಿಗೆ ಹಿಡಿಯುತ್ತದೆ, ಸೋಸುವ ಜಾಳಿಗೆ ಒರಟಾಗಿದ್ದರೆ ತಳದಲ್ಲಿ ಪುಡಿ ಉಳಿಯುತ್ತದೆ. ಮತ್ತೆ, ಬೆರಕೆಗೆ ಸುಲಭವಾಗಿ ಸಿಗುವುದೂ ಇದೇ ಪುಡಿ. ಆ ವಿಷಯ ಕೆಳಗೆ ಬರುತ್ತದೆ.

ಅಸ್ಸಾಂ ಸಿಟಿಸಿ ಕಾಳು

ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುವ ಯಂತ್ರ 1930ರ ದಶಕದಲ್ಲಿ ಅಸ್ಸಾಮಿನ ತೋಟಗಳಲ್ಲಿ ಬಂತು. ಆ ಮೂರು ಕೆಲಸಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಸಿಟಿಸಿ. ಸಾಸಿವೆಗಿಂತ ತುಸು ದಪ್ಪ, ಉರುಟು ಕಾಳು. ಬಯಲಿನ ಬಿಸಿ, ಮಳೆಯಲ್ಲಿ ಬೆಳೆದ ಅಸ್ಸಾಂ ಎಲೆಗೆ ಹುರಿದ ಮೊಳಕೆ ಕಾಳಿನ ಹಾಗೆ ಒಂದು ಗಟ್ಟಿ ರುಚಿ. ಹಾಲು ಹಾಕಿದರೆ ಅದು ಮುಳುಗುವುದಿಲ್ಲ, ಬದಲಿಗೆ ಮೇಲೇಳುತ್ತದೆ. ಶುಂಠಿ, ಏಲಕ್ಕಿ ಜಜ್ಜಿ ಹಾಕುವವರಿಗೆ ಇದನ್ನು ಬಿಟ್ಟು ಬೇರೆ ಹೇಳುವುದಿಲ್ಲ.

ಅಂಗಡಿಯ ಚೀಟಿಯಲ್ಲಿ ಬಿಒಪಿ, ಬಿಪಿ, ಪಿಎಫ್ ಅಂತ ಬರೆದಿರುತ್ತದೆ. ಇವು ಕಾಳಿನ ಗಾತ್ರದ ಗುರುತು, ರುಚಿಯ ಅಂಕವಲ್ಲ. ಬಿಒಪಿ, ಬಿಪಿ ದಪ್ಪ, ನಿಧಾನಕ್ಕೆ ಇಳಿಯುತ್ತವೆ. ಪಿಎಫ್ ಸಣ್ಣದು, ಬೇಗ ಇಳಿಯುತ್ತದೆ. ಮನೆಗೆ ಬಿಪಿ ಸರಿ. ಮೇ, ಜೂನಿನ ಎರಡನೇ ಕೊಯ್ಲಿನದು ಅಸ್ಸಾಮಿನಲ್ಲಿ ಶ್ರೇಷ್ಠ. ಆ ಪುಡಿ ನಮ್ಮ ಕಡೆಗೆ ಬರುವ ಹೊತ್ತಿಗೆ ಶ್ರಾವಣ ಆಗಿರುತ್ತದೆ, ಆಗ ಕೇಳಿ ತೆಗೆದುಕೊಳ್ಳಿ.

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಯ ಬಹುಪಾಲು ಮನೆಗಳಿಗೆ, ಅಂದರೆ ಹಾಲಿನ ಚಹಾ, ದಿನಕ್ಕೆ ಆರರಿಂದ ಹದಿನೈದು ಕಪ್ಪು, ಬೋರು, ಹೊಳೆ ಎರಡೂ ನೀರು ಬರುವಲ್ಲಿ, ನನ್ನ ಕೈ ಮೊದಲು ಹೋಗುವುದು ಇದಕ್ಕೇ. ತೀರಾ ಗಡಸು ನೀರಾದರೆ ಮುಕ್ಕಾಲು ಪಾಲು ಇದು, ಕಾಲು ಪಾಲು ಡಸ್ಟ್ ಬೆರೆಸಿ. ಡಸ್ಟ್ ಬಣ್ಣ ಕೊಡುತ್ತದೆ, ಕಾಳು ರುಚಿ ಕೊಡುತ್ತದೆ. ವೈನಿ ರಾಯಚೂರಿಗೆ ಒಯ್ದದ್ದು ಈ ಮಿಶ್ರಣವನ್ನೇ.

ನೀಲಗಿರಿ ಎಲೆ

ನನಗೆ ಮನಸ್ಸು ತುಂಬಿದ್ದು ಇದರಲ್ಲಿ. ಕೂನೂರು, ಊಟಿಯ ಸುತ್ತ ವರ್ಷವಿಡೀ ಕೊಯ್ಲು ನಡೆಯುತ್ತದೆ, ಡಿಸೆಂಬರ್, ಜನವರಿಯ ಇಬ್ಬನಿ ಕಾಲದ ಎಲೆಗೆ ಹೆಚ್ಚಿನ ಪರಿಮಳ. ಜಜ್ಜದೆ, ಉಜ್ಜಿ ಸುರುಳಿ ಸುತ್ತಿದ ಇಡೀ ಎಲೆಯನ್ನು ಆರ್ಥಡಾಕ್ಸ್ ಅನ್ನುತ್ತಾರೆ. ಒಣಗಿದ್ದು ಕರಿ ದಾರದ ತುಂಡಿನ ಹಾಗಿರುತ್ತದೆ, ಕುದಿನೀರು ಬಿದ್ದ ಮೇಲೆ ಬಿಚ್ಚಿಕೊಂಡು ಎಲೆಯ ಅಂಚು, ನರ ಎಲ್ಲ ಕಾಣುತ್ತದೆ. ನಮ್ಮ ಹತ್ತು ವರ್ಷದ ಮಗಳು ಅದನ್ನು ಬಸಿಯಲ್ಲಿ ಬಿಡಿಸಿಟ್ಟು "ಇದು ಖರೇನ ಗಿಡದ ಎಲಿ!" ಅಂತ ಎಲ್ಲರಿಗೂ ತೋರಿಸಿದಳು.

ಇದರ ಗುಣ ತಿಳಿತನ. ಆರಿದ ಮೇಲೂ ಮಬ್ಬಾಗುವುದಿಲ್ಲ. ಮೇ ತಿಂಗಳ ಮಧ್ಯಾಹ್ನ, ಹೊರಗೆ 42 ಡಿಗ್ರಿ, ಬಿಸಿ ಚಹಾ ಬೇಡ ಅನಿಸಿದಾಗ ಇದನ್ನು ಬೆಳಿಗ್ಗೆಯೇ ಮಾಡಿ, ಸೋಸಿ, ಮಣ್ಣಿನ ಕೊಡದ ಪಕ್ಕ ತಣ್ಣಗಿಟ್ಟು, ಲಿಂಬೆ ಹಿಂಡಿ, ಚೂರು ಬೆಲ್ಲ ಹಾಕಿ ಕುಡಿಯಲು ಇದಕ್ಕಿಂತ ಒಳ್ಳೆಯ ಪುಡಿ ನನಗೆ ಸಿಕ್ಕಿಲ್ಲ. ರಾಯಚೂರಿನಲ್ಲಿ ಬಿರಿಯಾನಿಯ ಮೇಲೆ ಸುಲೈಮಾನಿ (ಹಾಲಿಲ್ಲದ ಲಿಂಬೆ ಚಹಾ) ಕುಡಿಯುವವರಿಗೂ ಇದೇ. ಲಿಂಬೆ ಬೀಳುವುದರಿಂದ ಬೋರಿನ ನೀರಿನ ದೋಷ ಅರ್ಧ ಕಳೆಯುತ್ತದೆ ಎಂಬುದು ನಮ್ಮ ಕಡೆಗೆ ದೊಡ್ಡ ಅನುಕೂಲ.

ಹಾಲು? ಸ್ವಲ್ಪ ಹಾಕಬಹುದು, ಪಾಕೀಟಿನದು, ಕಪ್ಪಿಗೆ ಎರಡು ಚಮಚ. ಎಮ್ಮೆ ಹಾಲು ಬೇಡ. ಕುದಿಸಬೇಡಿ, ಕುದಿನೀರು ಸುರಿದು ನಾಲ್ಕು ನಿಮಿಷ ಮುಚ್ಚಿಡಿ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಲ್ಲದ ಚಹಾ ರೂಢಿ ಮಾಡಿಸಬೇಕೆಂದರೆ ಖಡಕ್ ಪುಡಿಯಿಂದ ಶುರು ಮಾಡಬೇಡಿ, ಇದರಿಂದ ಮಾಡಿ. ಒಗರು ಕಡಿಮೆ, ಸಕ್ಕರೆಯ ನೆನಪು ಬೇಗ ಬಿಡುತ್ತದೆ. ನಮ್ಮ ಅತ್ತೆಯವರು ಎರಡು ವಾರದಲ್ಲಿ ಒಗ್ಗಿಕೊಂಡರು.

ಅಸ್ಸಾಂ ಎಲೆ, ಹಸಿರು ಚಹಾ

ಅಸ್ಸಾಮಿನ ಆರ್ಥಡಾಕ್ಸ್ ಎಲೆ ಚೆನ್ನಾಗಿದೆ, ತುದಿ ಚಿನ್ನದ ಬಣ್ಣಕ್ಕಿರುತ್ತದೆ. ಆದರೆ ಹಾಲಿಗೆ ಸಿಟಿಸಿ, ಹಾಲಿಲ್ಲದ್ದಕ್ಕೆ ನೀಲಗಿರಿ ಇರುವಾಗ ಇದಕ್ಕಾಗಿ ಹುಡುಕಾಡುವ ಅಗತ್ಯ ನನಗೆ ಕಾಣಲಿಲ್ಲ. ನಮ್ಮದೇ ರಾಜ್ಯದ ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆಯೂ ಕೆಲವು ಚಹಾ ತೋಟಗಳಿವೆ. ಆ ಕಡೆ ಹೋದವರು 100 ಗ್ರಾಂ ತಂದು ನಿಮ್ಮ ನೀರಿನಲ್ಲಿ ನೋಡಿ.

ಹಸಿರು ಚಹಾ ಕೇಳುವವರಲ್ಲಿ ಹೆಚ್ಚಿನವರು ಹೊಟ್ಟೆ ಕರಗಲಿ ಅಂತ ಕೇಳುತ್ತಾರೆ. ಆ ಆಸೆಯಿಂದ ಕೊಳ್ಳಬೇಡಿ. ರುಚಿ ಹಿಡಿಸಿದರೆ ಕುಡಿಯಿರಿ. ಎಲ್ಲರೂ ಮಾಡುವ ತಪ್ಪು ಕುದಿಯುವ ನೀರು ಸುರಿಯುವುದು, ಆಗ ಬೇವಿನ ಕಹಿ ಬರುತ್ತದೆ. ಮೂರು ಕಪ್ಪು ಕುದಿನೀರಿಗೆ ಒಂದು ಕಪ್ಪು ಕೊಡದ ನೀರು ಬೆರೆಸಿದರೆ 80 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಅದರಲ್ಲಿ ಎರಡು ನಿಮಿಷ ನೆನೆಸಿದರೆ ಸಾಕು. ಬೋರಿನ ನೀರಿನಲ್ಲಿ ಮಾಡಿದ್ದು ಹಳದಿಯಾಗಿ, ಬೇಯಿಸಿದ ಸೊಪ್ಪಿನ ನೀರಿನಂತಾಯಿತು. ಫಿಲ್ಟರ್ ನೀರಿಲ್ಲದ ಮನೆಗೆ ಇದು ಬೇಡ. ಖಾಲಿ ಹೊಟ್ಟೆಗೂ ಬೇಡ.

ಡಾರ್ಜಿಲಿಂಗ್

2004ರಲ್ಲಿ ಭಾರತದ ಮೊದಲ ಭೌಗೋಳಿಕ ಗುರುತು (ಜಿಐ, ಅಂದರೆ ಆ ಊರಿನದೇ ಎನ್ನುವ ಕಾನೂನಿನ ಮುದ್ರೆ) ಪಡೆದದ್ದು ಈ ಚಹಾ. ಮಾರ್ಚ್, ಏಪ್ರಿಲಿನ ಮೊದಲ ಕೊಯ್ಲು ತೆಳು, ಹೂವಿನ ಪರಿಮಳದ್ದು. ಮೇ, ಜೂನಿನ ಎರಡನೇ ಕೊಯ್ಲಿನಲ್ಲಿ ದ್ರಾಕ್ಷಿಯನ್ನು ನೆನಪಿಸುವ ಒಂದು ಘಮಲು ಬರುತ್ತದೆ. ಅದಕ್ಕೆ ಕಾರಣಗಳಲ್ಲಿ ಒಂದು, ಎಳೆ ಚಿಗುರಿನ ರಸ ಹೀರುವ ಹಸಿರು ಜಿಗಿಹುಳ. ನಮ್ಮ ಹತ್ತಿ ಹೊಲದಲ್ಲಿ ಎಲೆ ಮುರುಟಿಸುತ್ತದೆ ಅಂತ ಔಷಧ ಹೊಡೆಯುತ್ತೇವಲ್ಲ, ಅದೇ ಬಳಗದ್ದು. ಹುಳ ಕಚ್ಚಿದ ಎಲೆ ತನ್ನನ್ನು ಕಾಪಾಡಿಕೊಳ್ಳಲು ಹೊರಡಿಸುವ ಅಂಶವೇ ಅಲ್ಲಿ ಪರಿಮಳವಾಗುತ್ತದೆ.

ಫಿಲ್ಟರ್ ನೀರಿನಲ್ಲಿ ಮೂರು ನಿಮಿಷ ಇಟ್ಟು ಕುಡಿದಾಗ ವೈನಿಯೂ ನಾನೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಷ್ಟು ಚೆನ್ನಾಗಿತ್ತು. ಬೋರಿನ ನೀರಿನ ಕಪ್ಪಿನಲ್ಲಿ ಅದರ ಸುಳಿವೂ ಇರಲಿಲ್ಲ, 320 ರೂಪಾಯಿಯ ಡಸ್ಟೇ ಅದಕ್ಕಿಂತ ಮೇಲು ಅನಿಸಿತು. ಹಾಲು ಹಾಕಿದರೆ ದುಡ್ಡು ಮೋರಿಗೆ ಸುರಿದ ಹಾಗೆ. ಒಂದು ಸಮಾಧಾನ: ಅದೇ ಎಲೆಗೆ ಎರಡನೇ ಸಲ ನೀರು ಸುರಿದು ನಾಲ್ಕು ನಿಮಿಷ ಇಟ್ಟರೆ ಇನ್ನೊಂದು ಒಳ್ಳೆಯ ಕಪ್ಪು ಬರುತ್ತದೆ, ಆಗ ಕಪ್ಪಿಗೆ 2 ರೂಪಾಯಿ 80 ಪೈಸೆ. 50 ಗ್ರಾಂ ಪೊಟ್ಟಣ 140 ರೂಪಾಯಿ. ವಾರಕ್ಕೆ ಎರಡು ಸಂಜೆ ಒಬ್ಬರೇ ಕುಡಿಯುವವರಿಗೆ ಮೂರು ತಿಂಗಳು ಬರುತ್ತದೆ. ದಿನದ ಚಹಾವಾಗಿ ಅಲ್ಲ, ಹಾಗೆ ಇಟ್ಟುಕೊಳ್ಳುವುದಾದರೆ ಮಾತ್ರ ಕೊಳ್ಳಿ.

ಕೊಳ್ಳುವಾಗ, ಇಡುವಾಗ

ಬಿಡಿ ಪುಡಿಯಲ್ಲಿ ಮೋಸ ಹೋಗುವುದು ಎರಡು ಕಡೆ. ಒಂದು ಬಣ್ಣ. ಒದ್ದೆ ಬಿಳಿ ಕಾಗದದ ಮೇಲೆ ಒಂದು ಚಿಟಿಕೆ ಪುಡಿ ಹರಡಿ ಐದು ನಿಮಿಷ ಬಿಟ್ಟು, ಪುಡಿ ತೊಳೆದು ಬೆಳಕಿಗೆ ಹಿಡಿಯಿರಿ. ಬೆರೆಸಿದ ಬಣ್ಣವಿದ್ದರೆ ಕಾಗದದ ಮೇಲೆ ಕಡು ಕೆಂಪು, ಕಂದು ಚುಕ್ಕೆ ಗೆರೆ ಎಳೆದಂತೆ ಹರಿದಿರುತ್ತದೆ. ಇನ್ನೊಂದು ಕಬ್ಬಿಣದ ಚೂರು. ಗಾಜಿನ ತಟ್ಟೆಯ ಮೇಲೆ ಪುಡಿ ಹರಡಿ ಆಯಸ್ಕಾಂತ ಆಡಿಸಿ. ಸಿಟಿಸಿ ಯಂತ್ರದ ಹಲ್ಲು ಸವೆದು ಕೊಂಚ ಬರುವುದುಂಟು, ಕಾನೂನು ಕಿಲೋಗೆ 250 ಮಿಲಿಗ್ರಾಂವರೆಗೆ ಒಪ್ಪುತ್ತದೆ. ಆಯಸ್ಕಾಂತಕ್ಕೆ ಗಡ್ಡದ ಹಾಗೆ ಅಂಟಿದರೆ ಆ ಪುಡಿ ಮನೆಗೆ ಬೇಡ. ಮಾರುವವರು ಮೂಸಲು ಬಿಡದಿದ್ದರೆ, ಐವತ್ತು ಗ್ರಾಂ ಕೊಡುವುದಿಲ್ಲ ಪಾವ್ ಕಿಲೋನೇ ತಗೊಳ್ಳಿ ಅಂದರೆ, ಮುಂದಿನ ಅಂಗಡಿ ನೋಡಿ.

ಚಹಾಪುಡಿ ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ. ಹಿಂದೊಮ್ಮೆ ತಂದಿದ್ದ ಎಲೆ ಚಹಾವನ್ನು ನಾನು ಶೇಂಗಾ ಚಟ್ನಿಪುಡಿಯ ಡಬ್ಬಿಯ ಪಕ್ಕ, ಒಲೆಯ ಮೇಲಿನ ಹಲಗೆಯಲ್ಲಿ ಇಟ್ಟಿದ್ದೆ. ಮೂರನೇ ವಾರಕ್ಕೆ ಚಹಾದಲ್ಲಿ ಬೆಳ್ಳುಳ್ಳಿ. ಎಲ್ಲ ಎಸೆಯಬೇಕಾಯಿತು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಬಿಸಿಲು ಬೀಳದ ಕೆಳಗಿನ ಕಪಾಟು, ಮಸಾಲೆಯಿಂದ ದೂರ, ಇಷ್ಟೇ. ಫ್ರಿಜ್ ಬೇಡ, ತೆಗೆದಾಗಲೆಲ್ಲ ತೇವ ಕೂರುತ್ತದೆ. ನಮ್ಮ ಬೇಸಿಗೆಯಲ್ಲಿ ಎಲೆಯನ್ನು ಎರಡು ತಿಂಗಳಿಗೆ ಆಗುವಷ್ಟು ಮಾತ್ರ ತರುತ್ತೇನೆ. ಡಸ್ಟ್, ಸಿಟಿಸಿ ನಾಲ್ಕೈದು ತಿಂಗಳು ತಡೆಯುತ್ತವೆ.

ಊಟದ ಜೊತೆ, ಊಟದ ಬೆನ್ನಿಗೇ ಯಾವ ಚಹಾವೂ ಬೇಡ. ರೊಟ್ಟಿ, ಸೊಪ್ಪು, ಕಾಳಿನ ಕಬ್ಬಿಣದಂಶವನ್ನು ಅದು ದೇಹಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. 150 ಮಿಲಿ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ, ದಿನಕ್ಕೆ 300 ದಾಟಬಾರದು ಎಂದೂ ಅದರಲ್ಲಿದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಿಗೆ ಪುಡಿಯ ಆಯ್ಕೆಗಿಂತ ಈ ಹೊತ್ತಿನ ಲೆಕ್ಕ ಮೊದಲು.

ಯಾರಿಗೆ ಯಾವುದು

ಹೊಲದ ಕೆಲಸಕ್ಕೆ ಆಳುಗಳ ಜೊತೆ ಹೋಗುವವರು, ಬೆಳಿಗ್ಗೆ ಮಾಡಿ ಥರ್ಮಾಸಿನಲ್ಲಿ ಒಯ್ಯುವವರು ಸಿಟಿಸಿ, ಡಸ್ಟ್ ಮಿಶ್ರಣ ಇಟ್ಟುಕೊಳ್ಳಿ. ಪುಡಿಯನ್ನು ಪೂರಾ ಸೋಸಿಯೇ ಥರ್ಮಾಸಿಗೆ ಹಾಕಿ, ಇಲ್ಲದಿದ್ದರೆ ಹತ್ತು ಗಂಟೆಗೆ ಕಹಿ ಕಷಾಯ. ಮನೆಗೆ ನಾಲ್ಕು ಮಂದಿ ಬಂದು ಹೋಗುವ, ಹಾಲಿನ ಚಹಾದವರಿಗೆ ಅಸ್ಸಾಂ ಬಿಪಿ. ತಿಂಗಳಿಗೆ 200 ರೂಪಾಯಿಯೊಳಗೆ ಮುಗಿಸಲೇಬೇಕೆನ್ನುವ ದೊಡ್ಡ ಸಂಸಾರಕ್ಕೆ ಒಳ್ಳೆಯ ಅಂಗಡಿಯ ಡಸ್ಟ್, ಕಡಿಮೆ ಕುದಿಸಿ. ನಲ್ಲಿ ನೀರು ಅಥವಾ ಕ್ಯಾನ್ ನೀರು ಇದ್ದು ಹಾಲು ಬಿಡಬೇಕೆಂದಿರುವವರಿಗೆ ನೀಲಗಿರಿ ಎಲೆ, ಕಣ್ಣು ಮುಚ್ಚಿ. ಗವಿಮಠದ ಜಾತ್ರೆಗೆ ಊರಿನಿಂದ ನೆಂಟರು ಬಂದಾಗ ನಮ್ಮ ಮನೆಯಲ್ಲಿ ಎರಡು ಪಾತ್ರೆ ಒಲೆಯ ಮೇಲಿರುತ್ತವೆ, ಒಂದರಲ್ಲಿ ಸಿಟಿಸಿ ಹಾಲಿನ ಜೊತೆ, ಇನ್ನೊಂದರಲ್ಲಿ ಬರೀ ನೀರು, ಎಲೆಗೆ. ಎರಡು ಡಬ್ಬಿ ಇಟ್ಟುಕೊಂಡರೆ ಖರ್ಚು ಹೆಚ್ಚುವುದಿಲ್ಲ, ಕುಡಿಯುವ ಕಪ್ಪು ಅಷ್ಟೇ ತಾನೆ.

ಮಿಶ್ರಣ ಒಯ್ದ ವೈನಿ ಆಗಸ್ಟಿನಲ್ಲಿ ಫೋನ್ ಮಾಡಿದರು. ಬೇಸಿಗೆ ಪೂರ್ತಿ ಬೋರಿನ ನೀರಿನಲ್ಲಿ ಸರಿಯಾಗಿ ಬರುತ್ತಿದ್ದ ಚಹಾ, ನಲ್ಲಿಗೆ ಹೊಳೆ ನೀರು ಸರಿಯಾಗಿ ಬರತೊಡಗಿದ ಮೇಲೆ ತೀರಾ ಖಡಕ್ ಆಗಿದೆಯಂತೆ. "ಪುಡಿ ಕೆಟ್ಟೈತೇನು?" ಅಂತ ಕೇಳಿದರು. ಪುಡಿ ಅದೇ, ನೀರು ಬದಲಾಗಿತ್ತು. ಡಸ್ಟಿನ ಪಾಲು ಬಿಟ್ಟು ಬರೀ ಕಾಳು ಹಾಕಿ ನೋಡಿ ಅಂದೆ. ಮರುದಿನ ಬೆಳಿಗ್ಗೆ ಏಳಕ್ಕೇ ಮತ್ತೆ ಫೋನ್ ಬಂತು, ಈ ಸಲ ಪೊರೆ ಇಲ್ಲದ ಕೆಂಪು ಚಹಾದ ಫೋಟೋ ಮೊದಲು ಕಳಿಸಿಯೇ ಮಾತಿಗೆ ಶುರು ಮಾಡಿದ್ದರು.